ಅವರೆಕಾಯಿ ಸುಲಿಯುವ ಸಂಜೆ: ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುವ ಕೆಲಸ ಯಾವುದು?

ಬಸವನಗುಡಿ ಸೊಸೆ:
ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಮಾತು ಜಾಸ್ತಿ ಆಗುತ್ತದೆ. ಕಾರಣ ಅವರೆಕಾಯಿ. ಮಾವನವರು ಗಾಂಧಿ ಬಜಾರ್‌ಗೆ ಹೋಗಿ ಕೈಚೀಲ ತುಂಬಿಸಿಕೊಂಡು ಬರುತ್ತಾರೆ. ಸಂಜೆ ಕಾಫಿ ಆದ ಮೇಲೆ ಹಾಲ್‌ನಲ್ಲಿ ಹಳೇ ಪೇಪರ್ ಹಾಸಿ ಕಾಯಿ ಸುರಿದರೆ ಆಯಿತು, ಒಬ್ಬೊಬ್ಬರೇ ಬಂದು ಕೂರುತ್ತಾರೆ. ಯಾರನ್ನೂ ಕರೆಯಬೇಕಾಗಿಲ್ಲ. ಅತ್ತೆಗೆ ನೆಲದಲ್ಲಿ ಕೂರಲು ಆಗುವುದಿಲ್ಲ. ಅವರಿಗೆ ಕುರ್ಚಿ, ಮಡಿಲಲ್ಲಿ ಮೊರ.

ಒಂದು ವಿಷಯ ಗಮನಿಸಿದ್ದೀರಾ? ಸುಲಿಯುವಾಗ ಕೈಗೆಲ್ಲ ಸೊಗಡು ಅಂಟಿರುತ್ತದೆ. ಆ ಕೈಯಲ್ಲಿ ಮೊಬೈಲ್ ಮುಟ್ಟಲು ಯಾರಿಗೂ ಮನಸ್ಸಾಗುವುದಿಲ್ಲ. ಕಣ್ಣು ಕಾಯಿಯ ಮೇಲೆ, ಒಬ್ಬರ ಮುಖ ಒಬ್ಬರು ನೋಡುತ್ತಿರುವುದಿಲ್ಲ. ಅದಕ್ಕೇ ಏನೋ, ಬೇರೆ ಹೊತ್ತಿನಲ್ಲಿ ಬಾಯಿಗೆ ಬಾರದ ಮಾತು ಆಗ ಸಲೀಸಾಗಿ ಬರುತ್ತದೆ. ಪಿಯುಸಿ ಓದುವ ಮಗಳು ಮೊನ್ನೆ ಕಾಯಿ ಬಿಡಿಸುತ್ತಲೇ "ಅಮ್ಮಾ, ನನಗೆ ಇಂಜಿನಿಯರಿಂಗ್ ಬೇಡ, ಹಿಸ್ಟರಿ ಓದಬೇಕು" ಎಂದಳು. ಊಟಕ್ಕೆ ಕೂತಾಗ ಇದೇ ಮಾತು ಬಂದಿದ್ದರೆ ಅರ್ಧ ಊಟಕ್ಕೇ ಒಬ್ಬರು ಎದ್ದು ಹೋಗುತ್ತಿದ್ದರು. ಇಲ್ಲಿ ಅವರಪ್ಪ ಇನ್ನೂ ನಾಲ್ಕು ಕಾಯಿ ಸುಲಿದು, "ಸರಿ, ಹಿಸ್ಟರಿ ಓದಿ ಏನು ಮಾಡಬೇಕು ಅಂತಿದ್ದೀಯ ಹೇಳು" ಎಂದರು. ಅವಳು ಹೇಳಿದಳು, ಅವರು ಕೇಳಿದರು. ಕಾಯಿ ಮುಗಿಯುವಷ್ಟರಲ್ಲಿ ಯಾವ ತೀರ್ಮಾನವೂ ಆಗಲಿಲ್ಲ. ಆದರೆ ಯಾರೂ ದನಿ ಏರಿಸಲಿಲ್ಲ. ನನಗೆ ಅಷ್ಟು ಸಾಕಾಯಿತು.

ನಿಮ್ಮ ಮನೆಯಲ್ಲಿ ಹೀಗೆ ಎಲ್ಲರನ್ನೂ ಒಂದು ಕಡೆ ಕೂರಿಸುವ ಕೆಲಸ ಯಾವುದು? ಅವರೆಕಾಯಿಯೇ ಆಗಬೇಕೆಂದೇನಿಲ್ಲ. ಬರೆಯಿರಿ.

ಮಾಗಡಿ ಕಡೆಯವನು:
ಅಕ್ಕ, ಅವರೆ ಅಂದ ಮೇಲೆ ಮಾಗಡಿಯವರು ಸುಮ್ಮನಿರುವುದು ಹೇಗೆ? ನಮ್ಮಲ್ಲಿ ರಾಗಿ ಹೊಲದಲ್ಲೇ ಅಕ್ಕಡಿ ಸಾಲಲ್ಲಿ, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಗೆ ಬಿಡುವ ಸಾಲಲ್ಲಿ, ಅವರೆ ಹಾಕುತ್ತಾರೆ. ಜೊತೆಗೆ ತೊಗರಿ, ಹುಚ್ಚೆಳ್ಳು, ಒಂದಿಷ್ಟು ಸಾಸಿವೆ. ರಾಗಿ ಕೊಯ್ದ ಮೇಲೆ ಅವರೆಗೆ ಜಾಗ ಸಿಕ್ಕಿ ಬಳ್ಳಿ ಹರಡಿಕೊಳ್ಳುತ್ತದೆ. ಇಬ್ಬನಿ ಬಿದ್ದ ಬೆಳಗ್ಗೆ ಹೊಲದ ಬದುವಿಗೆ ಹೋದರೆ ಸಾಕು, ಇಡೀ ಹೊಲ ಘಮ್ ಅನ್ನುತ್ತಿರುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಕಾಯಿ ಕೈಯಲ್ಲಿ ಹಿಡಿದರೆ ಅಂಟು ಅನ್ನಿಸಬೇಕು, ಮೂಗಿನ ಹತ್ತಿರ ತಂದರೆ ವಾಸನೆ ಬರಬೇಕು. ನೀರು ಚಿಮುಕಿಸಿ ಫಳಫಳ ಮಾಡಿಟ್ಟ ಕಾಯಿಗಿಂತ ಸ್ವಲ್ಪ ಮಂಕಾಗಿ ಕಾಣುವ, ಅಂಟಂಟು ಕಾಯಿ ಮೇಲು. ಸಿಪ್ಪೆಯನ್ನು ಬಿಸಾಡಬೇಡಿ. ಬೀದಿಯಲ್ಲಿ ಹಸು ಕಟ್ಟಿದವರಿದ್ದರೆ ಅವರಿಗೆ ಕೊಡಿ, ದನಗಳಿಗೆ ಬಲು ಇಷ್ಟ.

ಡಲ್ಲಾಸ್ ಅಮ್ಮ:
ಓದಿ ಹೊಟ್ಟೆ ಉರಿಯಿತು! ಇಲ್ಲಿ ನಮಗೆ ಹಸಿ ಕಾಯಿ ಎಲ್ಲಿ ಸಿಗಬೇಕು? ಇಂಡಿಯನ್ ಸ್ಟೋರಿನ ಫ್ರೀಜರ್‌ನಲ್ಲಿ ಗುಜರಾತಿಗಳು ತಿನ್ನುವ 'ಸೂರ್ತಿ ಪಾಪಡಿ ಲೀಲ್ವಾ' ಅಂತ ಪ್ಯಾಕೆಟ್ ಇರುತ್ತದೆ. ಅದು ನಮ್ಮ ಅವರೆಯ ಜಾತಿಯದೇ ಕಾಳು. ಊರಿನ ಸೊಗಡು ಇಲ್ಲ, ಆದರೆ ಹಿತುಕಬಹುದು, ಅಂದರೆ ಕಾಳನ್ನು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಬಿಡಿಸಬಹುದು.

ಚಳಿಗಾಲದ ಒಂದು ಶನಿವಾರ ನಾಲ್ಕು ಕನ್ನಡದ ಮನೆಯವರು ಒಬ್ಬರ ಮನೆಯಲ್ಲಿ ಸೇರುತ್ತೇವೆ. ಪ್ಯಾಕೆಟ್ ಎಲ್ಲ ಬಿಸಿನೀರಿನ ಪಾತ್ರೆಗೆ ಹಾಕಿ, ಪಾತ್ರೆ ಸುತ್ತ ಮಕ್ಕಳನ್ನು ಕೂರಿಸುತ್ತೇವೆ. ಈ ಮಕ್ಕಳು ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಬೇಳೆ ಹಿತುಕುವಾಗ ಮಾತ್ರ "ನಂದು ಜಾಸ್ತಿ, ನಿಂದು ಕಮ್ಮಿ" ಅಂತ ಕನ್ನಡದಲ್ಲೇ ಜಗಳ ಆಡುತ್ತಾರೆ. ಆ ಜಗಳ ಕೇಳಲೆಂದೇ ನಾನು ಇನ್ನೊಂದು ಪ್ಯಾಕೆಟ್ ಒಡೆಯುತ್ತೇನೆ.

ಸಾಗರದ ಕಡೆಯವರು:
ನಮ್ಮ ಕಡೆ ಇದೇ ಹೊತ್ತಿನಲ್ಲಿ ಅಡಿಕೆ ಸುಲಿಯುವ ಕೆಲಸ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದರೆ ಮನೆಯಲ್ಲಿ ಯಾರಿಗೂ ಬೇಗ ನಿದ್ದೆ ಇಲ್ಲ. ಕೊನೆಗೌಡ ಹಗಲಿಡೀ ಮರದಿಂದ ಮರಕ್ಕೆ ಹಾರಿ ಕೊನೆ ಇಳಿಸಿರುತ್ತಾನೆ. ಹಸಿ ಅಡಿಕೆಯನ್ನು ಜಾಸ್ತಿ ದಿನ ಇಡುವ ಹಾಗಿಲ್ಲ. ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರೂ ಸೇರಿ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಹಾಕಿಕೊಂಡು ಕೂರುತ್ತಾರೆ. ಸುಲಿದದ್ದಕ್ಕೆ ಡಬ್ಬಿ ಲೆಕ್ಕದಲ್ಲಿ ದುಡ್ಡು. ನಡುರಾತ್ರಿ ಹತ್ತಿರ ಬಂದಾಗ ಒಳಗಿನಿಂದ ಕಾಫಿ, ಮಂಡಕ್ಕಿ, ಒಗ್ಗರಣೆ ಅವಲಕ್ಕಿ, ಏನಾದರೂ ಒಂದು ಬರುತ್ತದೆ.

ನನ್ನ ಅಜ್ಜಿ ಹೇಳಿದ ಕತೆಗಳೆಲ್ಲ ನಾನು ಕೇಳಿದ್ದು ಆ ಅಂಗಳದಲ್ಲೇ. ಯಾವ ಊರಿನ ಯಕ್ಷಗಾನದ ಆಟದಲ್ಲಿ ಯಾವ ಭಾಗವತರು ಹೇಗೆ ಪದ ಹೇಳಿದರು, ಯಾರ ಮನೆ ಮದುವೆಯಲ್ಲಿ ಹೋಳಿಗೆ ಸಾಲದೆ ಬಂತು, ಎಲ್ಲವೂ ಅಲ್ಲೇ. ಈಗ ಸುಲಿಯುವ ಮಷಿನ್ ಬಂದಿದೆ. ಅದಿಲ್ಲದಿದ್ದರೆ ನಮ್ಮಂಥ ಜನ ಕಡಿಮೆ ಇರುವ ಮನೆಗಳು ತೋಟ ಬಿಡಬೇಕಾಗುತ್ತಿತ್ತು, ಅದೂ ನಿಜ. ಆದರೂ ಒಂದಿಷ್ಟು ಅಡಿಕೆಯನ್ನು ಅಮ್ಮ ಈಗಲೂ ಕೈಯಲ್ಲೇ ಸುಲಿಯುತ್ತಾರೆ. ನಾವು ರಜೆ ಹಾಕಿ ಊರಿಗೆ ಹೋಗುವುದು ಆಗಲೇ.

ಎರಡು ಪಾಳಿ:
ಎಲ್ಲರೂ ಇಷ್ಟು ಚೆನ್ನಾಗಿ ಬರೆದಿರುವಾಗ ಬೇರೆ ಮಾತು ಎತ್ತುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಆಫೀಸಿನಲ್ಲಿ ಒಂದು ಪಾಳಿ, ಮನೆಯಲ್ಲಿ ಒಂದು ಪಾಳಿ ದುಡಿಯುವವಳು. ನಮ್ಮ ಅಮ್ಮನ ಕಾಲದಲ್ಲಿ 'ಎಲ್ಲರೂ ಕೂತು ಸುಲಿಯುವುದು' ಅಂದರೆ ಹೆಂಗಸರು ಕೂತು ಸುಲಿಯುವುದು. ಗಂಡಸರು ಪೇಪರ್ ಓದುತ್ತಾ "ಹಿತಕಿದಬೇಳೆ ಸಾರಿಗೆ ಇನ್ನೂ ಎಷ್ಟು ಹೊತ್ತು?" ಅಂತ ಕೇಳುತ್ತಿದ್ದರು. ಸುಲಿದು, ನೆನೆಸಿ, ಮಾರನೇ ದಿನ ಬೆಳಗ್ಗೆ ಎದ್ದು ಒಂದೊಂದೇ ಕಾಳು ಹಿತುಕಿ, ಮಸಾಲೆ ರುಬ್ಬಿ ಸಾರು ಮಾಡಿ, ಬಡಿಸಿ, ಕೊನೆಗೆ ತಾವು ತಿನ್ನುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಬರೀ ನೀರು ಸಾರು.

ಈಗ ಮಾರ್ಕೆಟ್ಟಿನಲ್ಲಿ ಹಿತುಕಿದ ಬೇಳೆಯೇ ಸಿಗುತ್ತದೆ. ನಾನು ಅದನ್ನೇ ತರುತ್ತೇನೆ. ಉಳಿದ ಹೊತ್ತಿನಲ್ಲಿ ಮಗನ ಜೊತೆ ಕೇರಂ ಆಡುತ್ತೇನೆ. ಅದೂ ಕುಟುಂಬದ ಸುಖವೇ ಅಲ್ವಾ?

ನಿವೃತ್ತ ಮೇಷ್ಟ್ರು:
ತಾಯಿ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಣ್ಣಾರೆ ಕಂಡ ಸಂಗತಿ ಅದು. ನಮ್ಮ ತಾಯಿ, ಅತ್ತಿಗೆಯರು ಕೂತು ಸುಲಿಯುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಅವರೆಕಾಯಿ ತಂದರೆ ಸುಲಿಯುವುದೂ ಹಿತುಕುವುದೂ ನನ್ನ ಕೆಲಸ. ಮನೆಯಾಕೆಗೆ ಬೆರಳ ಗೆಣ್ಣು ನೋವು. ಬೆಳಗ್ಗೆ ಐದೂವರೆಗೆ ಎದ್ದು ರೇಡಿಯೋ ಹಾಕಿಕೊಂಡು ಕೂರುತ್ತೇನೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಹದವಾಗಿ ಒತ್ತಿದರೆ ಬೇಳೆ ಟಪ್ಪನೆ ಹಾರಿ ಪಾತ್ರೆಗೆ ಬೀಳುತ್ತದೆ. ಆ ಸದ್ದು ನನಗೆ ಬಹಳ ಇಷ್ಟ. ಆಕೆ ಎದ್ದು ಬಂದು ಕಾಫಿ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ರಾತ್ರಿ ಬಿದ್ದ ಕನಸು ಹೇಳುತ್ತಾಳೆ.

ಕಾಳನ್ನು ರಾತ್ರಿಯಿಡೀ ನೆನೆಸಬೇಕು. ಅವಸರಕ್ಕೆ ಬಿಸಿನೀರು ಹಾಕಿದರೆ ಸಿಪ್ಪೆ ಬಿಡುತ್ತದೆ, ಆದರೆ ಬೇಳೆ ಮೆತ್ತಗಾಗಿ ಒಡೆಯುವುದು ಜಾಸ್ತಿ.

ಬಸವನಗುಡಿ ಸೊಸೆ:
ಎರಡು ಪಾಳಿ ಅವರೇ, ಬೇಜಾರು ಯಾಕೆ? ನೀವು ಬರೆದದ್ದು ಒಳ್ಳೆಯದೇ ಆಯಿತು. ನಮ್ಮ ಮನೆಯಲ್ಲಿ ಗಂಡಸರು ಕೂರುವುದು ತಾನಾಗಿ ಬಂದದ್ದಲ್ಲ. ಅತ್ತೆ ಮದುವೆಯಾದ ಹೊಸದರಲ್ಲೇ ಒಂದು ನಿಯಮ ಮಾಡಿದರಂತೆ. ಕಾಯಿ ತಂದವರೇ ಸುಲಿಯಲು ಮೊದಲು ಕೂರಬೇಕು. ಮಾವನವರು ಇವತ್ತಿಗೂ ಚೀಲ ಇಳಿಸಿ, ಕೈಕಾಲು ತೊಳೆದು, ಪೇಪರ್ ಹಾಸುವುದು ತಾವೇ. ಎಷ್ಟು ತರಬೇಕೆಂಬ ಅಂದಾಜು ಕೂಡ ಇದರಿಂದ ಸರಿಯಾಗಿ ಬಂದಿದೆ!

ಹಾಸ್ಟೆಲ್ ಹುಡುಗ:
ಹುಳದ ಬಗ್ಗೆ ಯಾರೂ ಬರೆದೇ ಇಲ್ಲವಲ್ಲ?

ಮಾಗಡಿ ಕಡೆಯವನು:
ಹುಳ ಇದ್ದರೆ ಔಷಧಿ ಕಡಿಮೆ ಹೊಡೆದಿದ್ದಾರೆ ಅಂತ ಸಮಾಧಾನ ಮಾಡಿಕೊಳ್ಳಬೇಕು ತಮ್ಮಾ. ಕಾಯಿ ಮೇಲೆ ತೂತು ಕಂಡರೆ ಒಳಗೆ ಹಸಿರು ಹುಳ ಕೂತಿರುತ್ತದೆ. ಅದೇ ಕಾಯಿಕೊರಕ. ಅಂಥ ಕಾಯಿಯನ್ನು ಬೇರೆ ಇಟ್ಟು ಕೊನೆಗೆ ಬಿಡಿಸಿ.

ಡಲ್ಲಾಸ್ ಅಮ್ಮ:
ನಾನು ಚಿಕ್ಕವಳಿದ್ದಾಗ ಅಣ್ಣ ಹುಳ ಸಿಕ್ಕ ಕೂಡಲೇ ನನ್ನ ಲಂಗದ ಮೇಲೆ ಬಿಡುತ್ತಿದ್ದ. ನಾನು ಇಡೀ ವಠಾರಕ್ಕೆ ಕೇಳುವ ಹಾಗೆ ಕಿರುಚುತ್ತಿದ್ದೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅದನ್ನೇ ನೆನಪಿಸಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಫ್ರೀಜರ್ ಪ್ಯಾಕೆಟ್ಟಿನಲ್ಲಿ ಆ ಯೋಗ ಇಲ್ಲ.

ಕಲಬುರಗಿ ಅಕ್ಕ:
ನಮ್ಮ ಕಡೆ ಚಳಿಗಾಲದ ಹಬ್ಬ ಎಂದರೆ ಸೀತನಿ. ಹಿಂಗಾರಿ ಜೋಳ ಹಾಲುಗಾಳು ಆದಾಗ ಎಳೆ ತೆನೆ ಮುರಿದು, ಹೊಲದಲ್ಲೇ ತಗ್ಗು ತೋಡಿ, ಕುಳ್ಳಿನ ಕೆಂಡದಲ್ಲಿ ಸುಡುತ್ತಾರೆ. ಬಿಸಿ ಬಿಸಿ ತೆನೆಯನ್ನು ಉಜ್ಜಿ ಕಾಳು ಉದುರಿಸಿ, ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ, ಹಾಗೇ ಅಂಗೈಗೆ ಹಾಕುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಮೊಸರು. ಸುಡುವವರು ಒಬ್ಬರು, ಉಜ್ಜುವವರು ಇಬ್ಬರು, ತಿನ್ನುವವರು ಇಪ್ಪತ್ತು ಜನ!

ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ, ಈಗ ಗಾಡಿ ಬದಲು ಟ್ರ್ಯಾಕ್ಟರ್. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿ ತುಂಬ. ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ತಂದ ಅಡುಗೆಯನ್ನು ಹೊಲದಲ್ಲಿ ಎಡೆಯಾಗಿ ಚೆಲ್ಲಿ, ಆಮೇಲೆ ನಮ್ಮ ಊಟ. ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ಮೈದುನ ದೀಪಾವಳಿಗೆ ಬರದಿದ್ದರೂ ಎಳ್ಳಮಾವಾಸ್ಯೆಗೆ ತಪ್ಪಿಸುವುದಿಲ್ಲ. ಹೊಲದಲ್ಲಿ ಕೂತು ಉಂಡರೆ ಎರಡು ರೊಟ್ಟಿ ಜಾಸ್ತಿಯೇ ಹೋಗುತ್ತವೆ.

ಬೇಸಾಯ ಓದಿದವನು:
ಮಾಗಡಿಯವರು ಅವರೆ ಬೆಳೆಯುವ ಬಗ್ಗೆ ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಮುಂಗಾರಿನಲ್ಲಿ ರಾಗಿ ಜೊತೆ ಬಿತ್ತಿದರೂ, ಹಗಲಿನ ಹೊತ್ತು ಕಡಿಮೆಯಾಗುವ ತನಕ ಬರೀ ಎಲೆ ಬಳ್ಳಿ. ಅದಕ್ಕೇ ಎಲ್ಲರ ಹೊಲದಲ್ಲೂ ಒಂದೇ ಸಲ ಚಳಿಗಾಲಕ್ಕೆ ಕಾಯಿ ಬರುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಕೊಟ್ಟಿದೆ. ಇವಕ್ಕೆ ಹಗಲು ಎಷ್ಟು ಉದ್ದ ಎಂಬ ಲೆಕ್ಕ ಇಲ್ಲ, ವರ್ಷದ ಬೇರೆ ಕಾಲದಲ್ಲೂ ಬೆಳೆಯಬಹುದು. ಬೇಸಿಗೆಯಲ್ಲೂ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಕಾಣುವುದಕ್ಕೆ ಇದು ಒಂದು ಕಾರಣ.

ರೈತರಿಗೆ ಇದರಿಂದ ಅನುಕೂಲವಿದೆ, ಅನುಮಾನ ಬೇಡ. ಆದರೂ ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ತರುವುದಿಲ್ಲ. ಅವರೆಗೆ ಕಾಯುವುದೂ ಅದರ ರುಚಿಯ ಒಂದು ಭಾಗ ಅಂತ ಅಪ್ಪ ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ.

ಪುಣೆ ಕನ್ನಡಿಗ:
ಇಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಆಜಿ ಒಣ ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಆಮೇಲೆ ಒಂದೊಂದಾಗಿ ಸಿಪ್ಪೆ ತೆಗೆಯುತ್ತಾರೆ. ವಾಲ್ ಅಂತಾರೆ, ಅದೂ ಅವರೆಯೇ. ಅದರಿಂದ ಬಿರ್ಡೆ ಎಂಬ ಪದಾರ್ಥ ಮಾಡುತ್ತಾರೆ. ನನ್ನ ಹೆಂಡತಿ ಅವರ ಜೊತೆ ಕೂತು ಸಿಪ್ಪೆ ತೆಗೆಯುತ್ತಲೇ ಮರಾಠಿ ಕಲಿತಳು. ಅವರು ಅವಳಿಂದ 'ಹಿತುಕು' ಅನ್ನುವುದನ್ನು ಕಲಿತಿದ್ದಾರೆ. ಬಾಗಿಲಲ್ಲಿ ನಿಂತು "ಹಿತುಕು, ಹಿತುಕು" ಅಂತ ಕರೆಯುತ್ತಾರೆ.

ಪುತ್ತೂರಿನವಳು:
ನಮ್ಮಲ್ಲಿ ಬೇಸಿಗೆ ರಜೆ ಬಂದರೆ ಹಲಸಿನಕಾಯಿ ಹಪ್ಪಳ. ಬಲಿತ ಕಾಯಿ ಕೊರೆಯುವುದು ಅಪ್ಪ, ಕೈಗೆಲ್ಲ ತೆಂಗಿನೆಣ್ಣೆ ಹಚ್ಚಿಕೊಂಡು. ಇಲ್ಲದಿದ್ದರೆ ಮೇಣ ಬಿಡುವುದೇ ಇಲ್ಲ. ಸೊಳೆ ಬಿಡಿಸುವುದು ಮಕ್ಕಳು. ಬೇಯಿಸಿ, ಮೆಣಸು, ಜೀರಿಗೆ, ಉಪ್ಪು ಸೇರಿಸಿ ಅರೆದು ಉಂಡೆ ಕಟ್ಟುವುದು ದೊಡ್ಡಮ್ಮ. ಮಣೆಯಲ್ಲಿ ಒತ್ತುವುದು ಯಾರಿಗೆ ತೋಳಲ್ಲಿ ಬಲ ಇದೆಯೋ ಅವರು. ಒತ್ತಿದ್ದನ್ನು ಚಾಪೆ ಮೇಲೆ ಹರಡುವುದಕ್ಕೆ ಮತ್ತೆ ಮಕ್ಕಳೇ. ಕಾಗೆ ಓಡಿಸಲು ಕೋಲು ಹಿಡಿದು ಕೂತವರಿಗೆ ಸಂಬಳ ಎಂದರೆ ಹಸಿ ಹಪ್ಪಳದ ಹಿಟ್ಟು, ಅದರ ಮೇಲೆ ಒಂದು ಚಮಚ ತೆಂಗಿನೆಣ್ಣೆ. ಅದರ ಮುಂದೆ ಕರಿದ ಹಪ್ಪಳ ಏನೂ ಅಲ್ಲ ಅನ್ನುವವರ ಪೈಕಿ ನಾನು.

ಮಳೆಗಾಲದಲ್ಲಿ, ಹೊರಗೆ ಕಾಲಿಡಲಾಗದ ದಿನ, ಡಬ್ಬಿ ತೆಗೆದು ಹಪ್ಪಳ ಸುಡುವಾಗ ತಮ್ಮ ಇವತ್ತಿಗೂ ಕೇಳುತ್ತಾನೆ: "ಇದು ನಾನು ಒತ್ತಿದ್ದಾ, ಭಾವ ಒತ್ತಿದ್ದಾ?" ದಪ್ಪ ಇದ್ದರೆ ಭಾವನದು. ಅದು ಎಲ್ಲರಿಗೂ ಗೊತ್ತು.

ಹಾಸ್ಟೆಲ್ ಹುಡುಗ:
ನಾನು ಹಾಸನದವನು, ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ಎಲ್ಲ ಓದಿ ಮನೆ ತುಂಬಾ ನೆನಪಾಯಿತು. ಹೋದ ಜನವರಿಯಲ್ಲಿ ರೂಮಿನವರೆಲ್ಲ ಸೇರಿ ಅವರೆಬೇಳೆ ಮೇಳಕ್ಕೆ ಹೋಗಿದ್ದೆವು. ಅವರೆಬೇಳೆ ದೋಸೆ, ನಿಪ್ಪಟ್ಟು, ಹೋಳಿಗೆ, ಜಾಮೂನು ಎಲ್ಲ ತಿಂದೆವು. ಜನ ಜಾತ್ರೆ ಹಾಗೆ ಸೇರಿದ್ದರು. ಚೆನ್ನಾಗಿತ್ತು. ಆದರೆ ಎಲ್ಲ ಸುಲಿದು, ಹಿತುಕಿ, ಕರಿದು ತಯಾರಾಗಿಯೇ ಕೈಗೆ ಬಂತು. ನನಗೆ ಅಮ್ಮನ ಜೊತೆ ಕೂತು ಸುಲಿಯುವುದೇ ಬೇಕಿತ್ತು ಅಂತ ಆಗ ಗೊತ್ತಾಯಿತು. ಅಮ್ಮ ನನ್ನ ಹತ್ತಿರ ಫೋನಿನಲ್ಲಿ "ಊಟ ಆಯ್ತಾ, ಹುಷಾರು" ಬಿಟ್ಟರೆ ಜಾಸ್ತಿ ಮಾತಾಡುವುದಿಲ್ಲ. ಕಾಯಿ ಸುಲಿಯಲು ಕೂತರೆ ತಮ್ಮ ಶಾಲೆಯ ದಿನಗಳನ್ನೆಲ್ಲ ಹೇಳುತ್ತಾರೆ.

ನಿವೃತ್ತ ಮೇಷ್ಟ್ರು:
ಮಗೂ, ಸಂಕ್ರಾಂತಿಗೆ ಊರಿಗೆ ಹೋಗು. ಪರೀಕ್ಷೆ ಇದ್ದರೂ ಎರಡು ದಿನ ಹೋಗಿ ಬಾ. ಬೇಯಿಸಿದ ಅವರೆಕಾಯಿ, ಗೆಣಸು, ಕಡಲೆಕಾಯಿ ಎದುರಿಗೆ ಇಟ್ಟುಕೊಂಡು ಅಮ್ಮನ ಪಕ್ಕ ಕೂರು. ಎಳ್ಳಿಗೆ ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚುವ ಕೆಲಸ ಇರುತ್ತದಲ್ಲ, ಅದನ್ನು ನೀನೇ ಕೇಳಿ ತೆಗೆದುಕೊ. ಅದು ಬೇಗ ಮುಗಿಯುವ ಕೆಲಸವಲ್ಲ, ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ಹಾಸ್ಟೆಲ್ ಹುಡುಗ:
ಟಿಕೆಟ್ ಬುಕ್ ಮಾಡಿದೆ ಸರ್. ಅಮ್ಮನಿಗೆ ಹೇಳಿದ್ದೇನೆ, ನಾನು ಬರುವ ತನಕ ಕೊಬ್ಬರಿ ಮುಟ್ಟಬೇಡಿ ಅಂತ.

ಎರಡು ಪಾಳಿ:
ಮತ್ತೆ ನಾನೇ. 'ತಂದವರೇ ಮೊದಲು ಕೂರಬೇಕು' ಎಂಬ ನಿಯಮ ಓದಿ ಮನೆಯಲ್ಲಿ ಜೋರಾಗಿ ಹೇಳಿದೆ. ಭಾನುವಾರ ನಮ್ಮೆಜಮಾನರು ಕಾಯಿ ತಂದು, ಅವರೂ ಮಗನೂ ಕೂತು ಸುಲಿದರು. ನಾನು ಸೋಫಾದಲ್ಲಿ ಕಾಲು ಚಾಚಿ ಪತ್ರಿಕೆ ಓದಿದೆ, ಮೊದಲ ಪುಟದಿಂದ ಕೊನೆಯವರೆಗೆ. ಇಬ್ಬರೂ ಕ್ರಿಕೆಟ್ ಬಿಟ್ಟು ಬೇರೇನೂ ಮಾತಾಡಲಿಲ್ಲ, ಆದರೆ ಒಂದೂವರೆ ಗಂಟೆ ಮಾತಾಡಿದರು. ಕೇಳಲು ಖುಷಿಯಾಯಿತು. ವಾರದ ದಿನಗಳಲ್ಲಿ ಮಾತ್ರ ನನ್ನದು ಮಾರ್ಕೆಟ್ ಬೇಳೆಯೇ, ಅದರಲ್ಲಿ ಬದಲಾವಣೆ ಇಲ್ಲ.

ಈಗ ಪ್ರಶ್ನೆ. ಬಹಳ ಹಿತುಕಿಟ್ಟಿದ್ದಾರೆ. ಇದನ್ನು ಇಡುವುದು ಹೇಗೆ?

ಬಸವನಗುಡಿ ಸೊಸೆ:
ವಾಹ್! ನಿಮ್ಮ ಮಗನಿಗೆ ನನ್ನ ಕಡೆಯಿಂದ ಒಂದು ಶಭಾಷ್.

ನಾಳೆ ನಾಡಿದ್ದಿಗೆ ಬೇಕಾದಷ್ಟನ್ನು ಫ್ರಿಜ್‌ನಲ್ಲಿ ಇಡಿ. ಉಳಿದದ್ದರ ನೀರು ಪೂರ್ತಿ ಬಸಿದು, ಬಟ್ಟೆ ಮೇಲೆ ಸ್ವಲ್ಪ ಆರಿಸಿ, ಒಂದೊಂದು ಸಾರಿಗೆ ಆಗುವಷ್ಟು ಬೇರೆ ಬೇರೆ ಕವರ್‌ಗೆ ಹಾಕಿ ಫ್ರೀಜರ್‌ಗೆ ಇಡಿ. ಹೊರಗೆ ತೆಗೆದ ಮೇಲೆ ಕರಗಲು ಬಿಡಬೇಡಿ, ನೇರವಾಗಿ ಕುದಿಯುವ ಮಸಾಲೆಗೆ ಹಾಕಿ. ಕುಕ್ಕರ್ ಬೇಡವೇ ಬೇಡ, ಎರಡು ಸೀಟಿಗೆ ಬೇಳೆ ಕರಗಿ ಗಂಜಿಯಾಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಒತ್ತಿ ನೋಡಿ ಇಳಿಸಿ. ಮಸಾಲೆಗೆ ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಒಂದು ಚೂರು ಚಕ್ಕೆ, ಎರಡು ಲವಂಗ, ಒಂದು ಚಮಚ ಗಸಗಸೆ. ಚಕ್ಕೆ ಲವಂಗ ಜಾಸ್ತಿ ಹಾಕಬೇಡಿ, ಸೊಗಡು ಮುಚ್ಚಿಹೋಗುತ್ತದೆ. ಮುದ್ದೆಗಾದರೆ ಸಾರು ಸ್ವಲ್ಪ ತೆಳ್ಳಗೆ, ಅಕ್ಕಿರೊಟ್ಟಿಗಾದರೆ ಗಟ್ಟಿ.

ಮಾಗಡಿ ಕಡೆಯವನು:
ಮುದ್ದೆಗೇ ಮಾಡಿ ಅಕ್ಕ. ಮೇಲೆ ಒಂದು ಚಮಚ ತುಪ್ಪ.